ಹೊಸ್ತಿಲಿಲ್ಲದ ಒಂದು ಭಾನುವಾರ

ಆ ಭಾನುವಾರ ಬೆಳಿಗ್ಗೆ ಡೊಂಬಿವಲಿಯ ನಮ್ಮ ಮನೆಯ ಬಾಗಿಲಲ್ಲಿ ಗರಗಸ ಹಿಡಿದು ನಾನು ಕೂತಿದ್ದೆ. ಫೋನಿನ ಸ್ಪೀಕರಿನಲ್ಲಿ ಕಳವಾ ಊರಿನ ವಾಸು ಆಚಾರ್ರು, ಮರಗೆಲಸದಿಂದ ರಿಟೈರ್ ಆದವರು. ಹೆಂಡತಿ ಸುಮತಿ ಅಡುಗೆಮನೆಯಲ್ಲಿ. ಮಗಳು ತನ್ವಿ ಐರೋಲಿಯ ಗೆಳತಿಯ ಮನೆಗೆ ಹೋಗಿದ್ದಳು.

ನಮ್ಮದು ಗ್ರೌಂಡ್ ಫ್ಲೋರ್. ಎಷ್ಟೋ ಮಳೆಗಾಲದ ಎರಚಲು ಕುಡಿದು ಮುಂಬಾಗಿಲ ದಾರಂದ ಬುಡದಲ್ಲಿ ಕೊಳೆತಿತ್ತು. (ಬಾಗಿಲ ಚೌಕಟ್ಟಿಗೆ ನಮ್ಮ ಉಡುಪಿ ಕಡೆಯ ಹಿರಿಯರು ಹೇಳುವುದು ದಾರಂದ. ನನ್ನ ಕನ್ನಡವೆಲ್ಲ ಅವರ ಬಾಯಿಂದ ಕೇಳಿದ್ದು.) ಬೆರಳು ಒತ್ತಿದರೆ ಚಹಾದಲ್ಲಿ ಅದ್ದಿದ ರಸ್ಕಿನಂತೆ ಕುಸಿಯುತ್ತಿತ್ತು. ಹೊಸ್ತಿಲಂತೂ ಪೂರಾ ಹೋಗಿತ್ತು.

ಪಕ್ಕದ ಗಲ್ಲಿಯ ಬಡಗಿ ಬಂದು ನೋಡಿದ. ಎಲ್ಲ ಕಿತ್ತು ಕಲ್ಲು ಕೂರಿಸಬೇಕಂತೆ. "ಪೂರಾ ನಿಕಾಲ್‌ನಾ ಪಡೇಗಾ ಸೇಠ್, ಗ್ರಾನೈಟ್ ಲಗಾ ದೋ."

ಅಮ್ಮ ಪ್ರತಿ ಶುಕ್ರವಾರ ಅರಸಿನ ಹಚ್ಚುತ್ತಿದ್ದ ಮರ. ಪೂರಾ ಹೇಗೆ ನಿಕಾಲ್ ಮಾಡುವುದು? ನಾನೇ ರಿಪೇರಿ ಮಾಡುತ್ತೇನೆ ಎಂದುಬಿಟ್ಟೆ.

"ಹೆದರ್ಬೇಡಿ ಮಾರಾಯ್ರೆ," ಎಂದರು ಆಚಾರ್ರು. "ಎಡಗಾಲು ಕೊಳೆತದ್ದಲ್ವಾ? ಒಳ್ಳೆ ಮರ ಸಿಗುವವರೆಗೆ ಕೊಯ್ದು ತೆಗೀರಿ. ಓರೆಯಾಗಿ ಕೊಯ್ಯಿರಿ, ನೀರು ಹೊರಗೆ ಇಳೀಬೇಕು. ಮತ್ತೆ ಹೊಸ ತುಂಡು ಜೋಡಿಸುವ."

ದಾರಂದದ ನಿಂತ ಮರಕ್ಕೆ ಅವರು ಕಾಲು ಅನ್ನುತ್ತಾರೆ. ಎಲ್ಲ ಶುರುವಾದದ್ದು ಅಲ್ಲಿಂದಲೇ.

ನನ್ನ ಫೋನ್ ಎಂಗೇಜ್ ಬಂತೆಂದು ತನ್ವಿ ಅವಳಮ್ಮನಿಗೆ ಮಾಡಿದಳಂತೆ. ಕುಕ್ಕರಿನ ಸೀಟಿಯ ನಡುವೆ ಸುಮತಿ, "ದಾರಂದದ ಎಡಗಾಲು ಕೊಳೆತಿದೆಯಂತೆ, ಅರ್ಧ ಅಡಿ ಕೊಯ್ತಿದ್ದಾರೆ, ಆಮೇಲೆ ಮಾಡು" ಎಂದು ಇಟ್ಟುಬಿಟ್ಟಳು. ತನ್ವಿಗೆ ಬರುವ ಕನ್ನಡ ಅರ್ಧ. ಆ ಅರ್ಧದಲ್ಲಿ 'ಕಾಲು' ಇದೆ, ದಾರಂದ ಇಲ್ಲ. ಮೇಲಾಗಿ ನನಗೆ ಶುಗರ್. ಹುಡುಗಿ ಗಾಬರಿಯಾಗಿ ಫೋನ್ ಮಾಡಿದ್ದು ಸೀವುಡ್ಸ್‌ನಲ್ಲಿರುವ ನನ್ನ ಅಕ್ಕನಿಗೆ.

ಅಕ್ಕ ನಮ್ಮ ಮನೆಗೆ ಬಾರದೆ ನಾಲ್ಕು ವರ್ಷವಾಗಿತ್ತು. ಅಮ್ಮ ಹಾಸಿಗೆ ಹಿಡಿದಾಗ "ನನ್ನಲ್ಲಿಗೆ ಕಳಿಸು" ಎಂದು ಅವಳು ಮೂರು ಸಲ ಕೇಳಿದ್ದಳು. ನಾನು ಕಳಿಸಲಿಲ್ಲ. ಅವಳ ಲೋಕಲ್ ರೈಲು ಠಾಣೆ ಜಂಕ್ಷನ್ ತಲುಪುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಳು. ಕ್ರಿಯೆಯೆಲ್ಲ ಮುಗಿದ ದಿನ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಇನ್ನು ನಿನ್ನ ಹೊಸ್ತಿಲು ತುಳಿಯುವುದಿಲ್ಲ" ಎಂದಳು. ತುಳಿಯಲೂ ಇಲ್ಲ. ಆಮೇಲೆ ಸಿಕ್ಕಿದ್ದೆಲ್ಲ ಮದುವೆ ಹಾಲ್‌ಗಳಲ್ಲಿ. "ಊಟ ಆಯ್ತಾ?" "ಆಯ್ತು." ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರ ಮಾತು ಇಷ್ಟಕ್ಕೇ ಮುಗಿಯಬಹುದೇ?

ಮಧ್ಯಾಹ್ನದ ಹೊತ್ತಿಗೆ ಕೊಳೆತದ್ದನ್ನೆಲ್ಲ ಕೊಯ್ದಿದ್ದೆ. ಹೊಸ್ತಿಲನ್ನು ಕಿತ್ತು ಗೋಡೆಗೆ ಒರಗಿಸಿದ್ದೆ. ಎದುರು ರಿಕ್ಷಾ ನಿಂತಿತು. ಅಕ್ಕ! ಮನೆಯಲ್ಲಿ ಉಡುವ ಸೀರೆ, ಕೆದರಿದ ಕೂದಲು.

"ಎಲ್ಲಿ ಮಾರಾಯ ನಿನ್ನ ಕಾಲು?"

"ಯಾವ ಕಾಲು?"

"ಅಪ್ಪನ ಕಾಲು ಕೊಯ್ತಾರೆ ಅಂತ ತನ್ವಿ ಅಳ್ತಿದ್ದಾಳೆ. ಆತ್ಯಾ, ಪಪ್ಪಾ ಕಾ ಪೈರ್ ಕಾಟ್ ರಹೇ ಹೈ, ಅಂತ!"

ಕೊಯ್ದಿಟ್ಟ ಮರದ ತುಂಡನ್ನು ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನ ಎರಡೂ ಕಾಲು ನೋಡಿದಳು. "ಥೂ ನಿನ್ನ! ಠಾಣೆಯಲ್ಲಿ ಗಾಡಿ ಬದಲಿಸುವಾಗ ನನ್ನ ಜೀವವೇ ಹೋಗಿತ್ತು." ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಹೊರಗೇ ನಿಂತಳು.

"ಒಳಗೆ ಬಾ ಅಕ್ಕ."

"ನಾನು ಹೇಳಿದ್ದು ಹೇಳಿದ್ದೇ."

"ಹೊಸ್ತಿಲು ತುಳಿಯುವುದಿಲ್ಲ ಅಂದಿದ್ದಿ. ಎಲ್ಲಿದೆ ಹೊಸ್ತಿಲು?"

ಅವಳು ಕೆಳಗೆ ನೋಡಿದಳು. ಬರೀ ಮರಳು, ಒಡೆದ ಸಿಮೆಂಟು.

"ದೊಡ್ಡ ವಕೀಲ!" ಎಂದು ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ಒಳಗೆ ಬಂದಳು.

ಆಮೇಲೆ ನಾನು ಸಾಗುವಾನಿ ತುಂಡಿಗೆ ಗಮ್ ಹಚ್ಚಿ ಸ್ಕ್ರೂ ತಿರುಗಿಸುವಾಗ ಅದನ್ನು ಅಲುಗದಂತೆ ಒತ್ತಿ ಹಿಡಿದದ್ದು ಅಕ್ಕನೇ. ಮೇಲಿನ ಹಳೆಯ ಮರದಲ್ಲಿ ಅರಸಿನದ ಬಣ್ಣ ಇನ್ನೂ ಇತ್ತು. ಇಬ್ಬರೂ ನೋಡಿದೆವು. ಅಮ್ಮನ ಹೆಸರು ಎತ್ತಲಿಲ್ಲ. (ನಾನು ಎತ್ತಬೇಕಿತ್ತು. ತಪ್ಪಾಯ್ತು ಎನ್ನಬೇಕಿತ್ತು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದೆ ಎಂಬುದು ನೆಪ ಮಾತ್ರ.) ಚಹಾ ಕುಡಿದು ಐದಕ್ಕೆ ಹೊರಟಳು.

ಹೊಸ ಹೊಸ್ತಿಲು ಕೂರಿಸದೆ ಮೂರು ವಾರ ತಳ್ಳಿದೆ. ನೀರು ಬಂತು, ಜಿರಳೆ ಬಂತು, ಒಂದು ಇಲಿಯೂ ಬಂತು. ಅಕ್ಕ ಬರಲಿಲ್ಲ. ಕೊನೆಗೆ ಸುಮತಿ, "ಹೊಸ್ತಿಲು ಕೂರಿಸ್ತೀರೋ, ನಾನು ತವರಿಗೆ ಹೋಗ್ಲೋ?" ಎಂದಳು.

ಕಳೆದ ಭಾನುವಾರ ಕೂರಿಸಿದೆ. ಸಂಜೆ ಅಕ್ಕನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. ಅಮ್ಮನ ವಿಷಯದಲ್ಲಿ ತಪ್ಪು ನನ್ನದೇ ಎಂದೂ ಹೇಳಿದೆ. ಬರುವ ವಾರ ಊಟಕ್ಕೆ ಬಾ ಎಂದೆ. "ನೋಡುವ" ಎಂದಳು.

ನಮ್ಮ ಕರಾವಳಿಯವರ ಈ 'ನೋಡುವ' ಎಂದರೆ ಹೌದೋ ಅಲ್ಲವೋ, ನಿಮಗಾದರೂ ಗೊತ್ತೇ?