ಕ್ವೇಕರ್ಸ್ ಹಿಲ್‌ನ ಹಡಗಿಗೆ ಬಿದ್ದ ಗಂಟು

ಇವತ್ತು ಬೆಳಿಗ್ಗೆ ರವಿಕೆಯ ಹುಕ್ಕು ಕಿತ್ತುಹೋಗಿದೆಯೆಂದು ಸೂಜಿದಾರದ ಡಬ್ಬಿ ತೆಗೆದೆ ನೋಡಿ, ಜೇನುಮೇಣದ ವಾಸನೆ ಘಮ್ಮೆಂದು ಮೂಗಿಗೆ ಬಡಿಯಿತು. ಧಾರವಾಡದ ಹೆಣ್ಣುಮಗಳ ಹೊಲಿಗೆ ಡಬ್ಬಿಯಲ್ಲಿ ಜೇನುಮೇಣಕ್ಕೇನು ಕೆಲಸ ಎನ್ನುತ್ತೀರಾ? ದಾರಕ್ಕೆ ಸವರುವ ಕೆಲಸ. ಯಾವ ದಾರ? ಹಡಗಿನ ದಾರ. ನಗಬೇಡಿ. ಕೂತುಕೊಳ್ಳಿ, ಹೇಳುತ್ತೇನೆ.

ನಾವು ಆಸ್ಟ್ರೇಲಿಯಾಕ್ಕೆ ಬಂದ ಹೊಸತರಲ್ಲಿ ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಫೆಲಿಕ್ಸ್ ಅಂಕಲ್ ಮನೆಯ ಹಿಂದಿನ ಗ್ರಾನಿ ಫ್ಲ್ಯಾಟ್‌ನಲ್ಲಿ ರೆಂಟಿಗಿದ್ದೆವು. ಅಂಕಲ್ ಮಂಗಳೂರಿನ ಕೊಂಕಣಿಯವರು. ವಯಸ್ಸೆಲ್ಲ ಸರಕು ಹಡಗುಗಳಲ್ಲಿ ಬಡಗಿಯಾಗಿ ದುಡಿದವರು. ರಿಟೈರ್ ಆದ ಮೇಲೂ ಹಡಗು ಅವರನ್ನು ಬಿಡಲಿಲ್ಲ. ಕಟ್ಟಿಗೆಯ ಪುಟ್ಟ ಮಾದರಿ ಹಾಯಿಹಡಗಿನ ಕಿಟ್ ಒಂದನ್ನು ತರಿಸಿ, ಕಡ್ಡಿಗೆ ಕಡ್ಡಿ ಅಂಟಿಸಿ, ಡೈನಿಂಗ್ ಟೇಬಲ್ ಮೇಲೆ ಕಟ್ಟತೊಡಗಿದ್ದರು. ಹೀಗಾಗಿ ಆ ಮನೆಯಲ್ಲಿ ಊಟವೆಂದರೆ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಸೋಫಾದಲ್ಲಿ ಕೂರುವುದು. "ಈ ಹಡಗು ಮುಳುಗಿದ ದಿನ ನಾನು ಟೇಬಲಲ್ಲಿ ಉಣ್ಣುದು" ಎಂದು ಅವರ ಹೆಂಡತಿ ಐರಿನ್ ಆಂಟಿ ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದರು.

ಆಮೇಲೆ ನಾವು ಮೆಲ್ಬರ್ನಿನ ಟ್ರುಗನಿನಾಕ್ಕೆ ಬಂದೆವು. ಮಾರ್ಟ್‌ಗೇಜ್ ಮಾಡಿ ಮನೆ ಕೊಂಡೆವು. ಒಮ್ಮೆ ರಜೆಯಲ್ಲಿ ಸಿಡ್ನಿಗೆ ಹೋದಾಗ ಅಂಕಲ್ ಮನೆಯ ಗೇಟಿನ ಮುಂದೆ, ಕೌನ್ಸಿಲ್ಲಿನ ಕಸದ ಲಾರಿಗೆಂದು ಒಟ್ಟಿದ್ದ ಹಳೇ ಸಾಮಾನಿನ ಗುಡ್ಡೆಯಲ್ಲಿ, ಹರಿದ ಹಾಸಿಗೆಯ ಮೇಲೆ ಆ ಹಡಗು ಕೂತಿತ್ತು. ಒಡಲು ಮುಗಿದಿತ್ತು, ಮೂರು ಕಂಬ ಎದ್ದಿದ್ದವು. ಹಗ್ಗ ಮಾತ್ರ ಒಂದೂ ಇರಲಿಲ್ಲ. ಗೇಟಿಗೆ ಬಂದ ಅಂಕಲ್‌ರನ್ನು ಕೇಳಿದೆ.

"ಅಂಕಲ್, ಇದೇನ್ರೀ ಇದು?"

"ಬಿಸಾಡಿದ್ದು ಮಾರಾಯ್ತಿ. ಹಗ್ಗದ ಕೆಲಸ ಬಾಕಿ ಉಂಟು. ಈಗ ಕೈ ನಡುಗ್ತದೆ, ನೋಡು. ಇನ್ನು ನನ್ನಿಂದ ಆಗುದಿಲ್ಲ."

"ನಾ ಮುಗಸ್ತೇನ್ರೀ."

ಅಂಕಲ್ ಪಕಪಕನೆ ನಕ್ಕರು. "ನೀನಾ? ಬಯಲುಸೀಮೆಯವರಿಗೂ ಹಡಗಿಗೂ ಎಂತ ಸಂಬಂಧ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಕಸೂತಿ ಹಾಕಿದ ಕೈ ಅದ ಅಂಕಲ್ ಇದು. ಮುಗಿಸಿ ತಂದು ನಿಮ್ಮ ಟೇಬಲ್ ಮ್ಯಾಲ ಇಡದಿದ್ರ ನನ್ನ ಹೆಸರು ಬ್ಯಾರೆ ಇಡ್ರಿ."

"ಆಯ್ತು. ನಾನು ಬೆರಳು ಹಾಕಿ ಎಳೆದು ನೋಡ್ತೇನೆ. ಒಂದು ದಾರ ಸಡಿಲ ಕಂಡ್ರೂ ಪುನಃ ಈ ಗುಡ್ಡೆಗೇ."

ಆಡಿದ ಮೇಲೆ ಮುಗಿಯಿತು, ಮಾತು ಕೊಟ್ಟಾಗಿತ್ತು. ಹಡಗು ನಮ್ಮ ಕಾರಿನಲ್ಲಿ ಟ್ರುಗನಿನಾಕ್ಕೆ ಬಂತು. ನಮ್ಮ ಟೇಬಲ್ಲೂ ಹೋಯಿತು, ನಾವೂ ಸೋಫಾಕ್ಕೆ ಬಿದ್ದೆವು. ನಮ್ಮವರು ರೊಟ್ಟಿ ಪಲ್ಯ ತೊಡೆಯ ಮೇಲಿಟ್ಟುಕೊಂಡು ನಿಟ್ಟುಸಿರು ಬಿಡುತ್ತಿದ್ದರು. ನಾನು ಕೇಳಿಸದ ಹಾಗೆ ಇರುತ್ತಿದ್ದೆ.

ಹಡಗಿನ ಕಂಬಗಳಿಗೆ ಎರಡೂ ಬದಿಯಿಂದ ಹಗ್ಗದ ಏಣಿಗಳಿರುತ್ತವೆ, ಚಿತ್ರದಲ್ಲಿ ನೋಡಿರುತ್ತೀರಿ. ಉದ್ದದ ದಾರಗಳ ಮೇಲೆ ಅಡ್ಡದಾರಗಳು, ಒಂದೊಂದು ಕೂಡುವಲ್ಲಿಯೂ ಒಂದೊಂದು ಗಂಟು. ಕಿಟ್‌ನ ಪುಸ್ತಕದಲ್ಲಿ ಗಂಟಿನ ಚಿತ್ರವಿತ್ತು. ನೋಡಿ ಮುಖ ಸಿಂಡರಿಸಿದೆ. ಏಕೆಂದರೆ ಕಸೂತಿಯಲ್ಲಿ ಗಂಟೆಂಬುದೇ ಇಲ್ಲ. ಬಟ್ಟೆಯ ಒಳಬದಿ ಹೊರಬದಿ ಎರಡೂ ಒಂದೇ ಥರ ಕಾಣಬೇಕು. ದಾರದ ತುದಿಯನ್ನು ಹೊಲಿಗೆಯೊಳಗೇ ಮುಚ್ಚಿಬಿಡಬೇಕು. ನಮ್ಮವ್ವ ಸೆರಗು ಹೊಳ್ಳಿಸಿ ನೋಡಿ, ಗಂಟು ಕಂಡರೆ "ಮೈಗಳ್ಳಿ!" ಎಂದು ತಲೆಗೆ ಮೊಟಕುತ್ತಿದ್ದಳು. ಅವಳ ಕೈಯಲ್ಲಿ ಪಳಗಿದ ನಾನು ಅಡ್ಡದಾರಗಳನ್ನು ಮೇಲೊಂದು ಕೆಳಗೊಂದು ತೂರಿಸಿ, ತುದಿ ಅಡಗಿಸಿ, ಹನಿಯಷ್ಟು ಅಂಟು ತಾಕಿಸುತ್ತ ಹೋದೆ. ನಾಲ್ಕು ತಿಂಗಳು! ಏಣಿಗಳೋ, ಇಳಕಲ್ ಸೀರೆಯ ಅಂಚು. ಪಕ್ಕದ ವೆರಿಬೀಯಿಂದ ಬಂದ ಗೆಳತಿಯರು ಫೋಟೋ ತೆಗೆದಿದ್ದೇ ತೆಗೆದಿದ್ದು. ನಾನು ನೆಲದ ಮೇಲಿರಲಿಲ್ಲ.

ಸಿಡ್ನಿಗೆ ಹೊರಡುವ ಮೊದಲು, ಅಂಕಲ್ ಹೇಗೂ ಎಳೆಯುತ್ತಾರಲ್ಲ, ನಾನೇ ಒಮ್ಮೆ ನೋಡಿಬಿಡೋಣ ಎಂದು ಬೆರಳು ಹಾಕಿ ಎಳೆದೆ. ಸರ್ರೆಂದು ಅಡ್ಡದಾರಗಳೆಲ್ಲ ಜಾರಿ ಕಂಬದ ಬುಡಕ್ಕೆ ಬಿದ್ದವು. ಒಂದು ಏಣಿಯಲ್ಲ, ಎಳೆದದ್ದೆಲ್ಲ. ನೆಲದ ಮೇಲೆ ಕೂತು ಅತ್ತೆ, ಸುಳ್ಳೇಕೆ ಹೇಳಲಿ.

"ಇನ್ನಷ್ಟು ಗ್ಲೂ ಬಡಿದುಬಿಡು" ಎಂದರು ನಮ್ಮವರು. "ಅಂಕಲ್‌ಗೆ ಕಣ್ಣೂ ಮಂಜಾಗ್ಯಾವ. ಏನ್ ತಿಳೀತದ ಅವ್ರಿಗೆ?"

"ಕಣ್ಣು ಮಂಜಾಗಿರಬಹುದು, ಬೆರಳಲ್ಲ!" ಎಂದು ಹರಿಹಾಯ್ದೆ. ಮುದುಕರನ್ನು ಏಮಾರಿಸಿ ಗೆಲ್ಲುವುದೂ ಒಂದು ಗೆಲುವೇ? ಕತ್ತರಿ ತಂದು ನಾಲ್ಕು ತಿಂಗಳ ಕೆಲಸವನ್ನು ಕಚಕಚನೆ ಕತ್ತರಿಸಿ ಹಾಕಿದೆ. ಆಮೇಲೆ ಆ ಗಂಟಿನ ಚಿತ್ರವನ್ನು ಮೊದಲ ಸಲ ನೆಟ್ಟಗೆ ನೋಡಿದೆ. ಎರಡು ಸುತ್ತು, ತುದಿ ಒಳಗೆ, ಎಳೆದಷ್ಟೂ ಬಿಗಿ. ಅಯ್ಯೋ ನನ್ನ ಶಿವನೇ! ಅಜ್ಜನ ದನದ ಕೊಟ್ಟಿಗೆಯಲ್ಲಿ ಎಮ್ಮೆಯನ್ನು ಗೂಟಕ್ಕೆ ಕಟ್ಟುತ್ತಿದ್ದದ್ದು ಇದೇ ಗಂಟು. ಎಂಟು ವರ್ಷದವಳಿದ್ದಾಗಲೇ ನಾನು ಕಣ್ಣುಮುಚ್ಚಿ ಹಾಕುತ್ತಿದ್ದೆ. ಅವ್ವನ ಬೈಗುಳಕ್ಕೆ ಹೆದರಿ ಅಜ್ಜನ ವಿದ್ಯೆಯನ್ನೇ ಮರೆತು ಕೂತಿದ್ದೆ.

ದಾರಕ್ಕೆ ಮೇಣ ಸವರಿ ಮತ್ತೆ ಶುರು ಮಾಡಿದೆ. ಗಂಟಿನ ಮೇಲೆ ಗಂಟು. ಬೆರಳ ತುದಿ ಬಿರಿದವು. ಐದು ತಿಂಗಳು ಹಿಡಿಯಿತು. ಮುಗಿದ ದಿನ ನಾನೇ ಒಂದೊಂದನ್ನೂ ಎಳೆದೆ. ಒಂದೂ ಜಗ್ಗಲಿಲ್ಲ.

ಹಡಗನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ಹಗಲು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಕ್ವೇಕರ್ಸ್ ಹಿಲ್‌ನಲ್ಲಿ ಐರಿನ್ ಆಂಟಿ ತಾವಾಗಿಯೇ ಟೇಬಲ್ ಖಾಲಿ ಮಾಡಿಕೊಟ್ಟರು. ಅಂಕಲ್ ನಡುಗುವ ಬೆರಳನ್ನು ಮೊದಲನೇ ಏಣಿಗೆ ಸಿಕ್ಕಿಸಿ ಎಳೆದರು. ಇನ್ನೊಂದು. ಮತ್ತೊಂದು. ಹಡಗಿಗೆ ಹಡಗೇ ಅಲುಗಿತು, ದಾರ ಕದಲಲಿಲ್ಲ.

"ಈ ಗಂಟು ನಿನಗೆ ಯಾರು ಕಲಿಸಿದ್ದು?"

"ನಮ್ಮಜ್ಜನ ಎಮ್ಮಿರೀ, ಅಂಕಲ್."

ಎಮ್ಮೆ ಕಟ್ಟುವ ಗೂಟದ ಕಥೆ ಕೇಳಿ ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ಕಣ್ಣೀರು ನಿಲ್ಲಲಿಲ್ಲ. "ಐರಿನ್, ಹಡಗು ಮುಗೀತು ನೋಡು" ಎಂದರು. ಅಷ್ಟೇ.

ಈಗ ಭಾನುವಾರ ಚರ್ಚಿನಿಂದ ಯಾರು ಮನೆಗೆ ಬಂದರೂ ಅಂಕಲ್ ನನಗೆ ವಿಡಿಯೋ ಕಾಲ್ ಹಚ್ಚುತ್ತಾರೆ. "ಕಟ್ಟಿದ್ದು ಇವಳು" ಎಂದು ತೋರಿಸುತ್ತಾರೆ. ಇಷ್ಟು ದಿನ ನಾನು ನಾಚಿ, "ಏನಿಲ್ರೀ, ಹಂಗ ಸುಮ್ಮನ" ಎನ್ನುತ್ತಿದ್ದೆ. ಇವತ್ತೂ ಭಾನುವಾರ. ಹುಕ್ಕು ಹಚ್ಚುತ್ತ ಕೂತಿದ್ದಾಗಲೇ ಕಾಲ್ ಬಂತು. ಅಂಕಲ್ ಜೊತೆ ಹಡಗಿನಲ್ಲಿ ದುಡಿದ ಒಬ್ಬ ಹಿರಿಯರು ಕನ್ನಡಕ ಮೇಲೇರಿಸಿ, "ಹಗ್ಗ ಫೆಲಿಕ್ಸೇ ಕಟ್ಟಿದ್ದಲ್ಲವಾ? ನೀನು ಬರೀ ಹೆಲ್ಪ್ ಮಾಡಿದ್ದಾ?" ಎಂದರು.

"ಒಡಲು ಅಂಕಲ್‌ರದ್ದು" ಎಂದೆ. "ಹಗ್ಗ ಪೂರಾ ನಾನ ಕಟ್ಟೇನ್ರೀ. ಹಡಗು ನಿಮ್ಮ ಮುಂದನ ಅದ ಅಲ್ರೀ? ಎಳದು ನೋಡ್ರಿ."