ಬಾಣಂತಿ ಕೋಣೆಯ ಪ್ರಶ್ನೆ

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಕಾಲೇಜಿನ ಸಂಶೋಧನೆಗೆ ಮಾಹಿತಿ ಕೂಡಿಸುತ್ತೇನೆ ಎಂದು ಹೇಳಿ ಮಾತು ಮುಗಿಸುತ್ತೇನೆ. ಅಷ್ಟಕ್ಕೆ ಬಿಡದೆ ಎಂಥ ಮಾಹಿತಿ ಎಂದು ಕೆದಕುವವರಿಗೆ ಮಾತ್ರ ಪೂರ್ತಿ ಹೇಳುತ್ತೇನೆ. ಕೂಸು ತೀರಿಕೊಂಡ ಮನೆಗೆ ಹೋಗಿ, ಅದು ಹೇಗೆ ತೀರಿಕೊಂಡಿತು ಎಂದು ಕೇಳಿಕೊಂಡು ಬರುವುದು ನನ್ನ ಕೆಲಸ. ಆಮೇಲೆ ಅವರು ಏನೂ ಕೇಳುವುದಿಲ್ಲ. ನನ್ನ ಗಂಡನಿಗೆ ಮಾತ್ರ ಇದು ತಮಾಷೆ. ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ, "ಬಂದ್ರು ನೋಡ್ರಿ ಯಮನ ಆಫೀಸಿನ ಕಾರಕೂನರು" ಎನ್ನುತ್ತಾನೆ. ಆ ಹೊತ್ತಿಗೆ ಚಹಾ ಮಾಡಿ ಇಟ್ಟಿರುವವನೂ ಅವನೇ, ಹಾಗಾಗಿ ಸುಮ್ಮನಿರುತ್ತೇನೆ.

ನಮ್ಮ ಕಡೆ ಎಷ್ಟೋ ಹಸುಗೂಸುಗಳು ಡಾಕ್ಟರ ಕೈ ಸೇರುವ ಮೊದಲೇ ಹೋಗುತ್ತವೆ. ಮನೆಯಲ್ಲೋ, ಬಸ್ಸಿನಲ್ಲೋ, ಆಟೋದಲ್ಲೋ. ಏನಾಗಿತ್ತು ಎಂದು ಬರೆಯುವವರೇ ಇರುವುದಿಲ್ಲ. ಅದಕ್ಕೇ ಬೆಳಗಾವಿಯ ಒಂದು ಕಾಲೇಜಿನವರು ಮನೆಯವರ ಬಾಯಿಂದಲೇ ಕೇಳಿ ತಿಳಿಯುವ ಈ ಅಧ್ಯಯನ ಶುರು ಮಾಡಿದ್ದರು. ನಾನು ಕೇಳಿಕೊಂಡು ಬಂದ ಉತ್ತರಗಳನ್ನು ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ಓದಿ ಸಾವಿನ ಕಾರಣ ಇಂಥದ್ದು ಎಂದು ತೀರ್ಮಾನಿಸುತ್ತಾರೆ. ಆ ಕಾರಣ ಅಧ್ಯಯನದೊಳಗೇ ಉಳಿಯುತ್ತದೆ, ಮನೆಗೆ ತಿರುಗಿ ಹೋಗುವುದಿಲ್ಲ. ಅದು ನಿಯಮ.

ಕೇಳುವುದಕ್ಕೂ ನಿಯಮ ಉಂಟು. ಪ್ರಶ್ನೆ ಟ್ಯಾಬಿನ ಮೇಲೆ ಹೇಗೆ ಮೂಡುತ್ತದೋ ಹಾಗೇ ಓದಬೇಕು. ಒಂದನ್ನೂ ಬಿಡುವಂತಿಲ್ಲ. ಹಾವು ಕಚ್ಚಿತ್ತೆ, ಎತ್ತರದಿಂದ ಬಿದ್ದಿತ್ತೆ ಎಂದು ಹತ್ತು ದಿನದ ಕೂಸಿನ ವಿಷಯದಲ್ಲೂ ಕೇಳಲೇಬೇಕು. ಇಲ್ಲ ಎಂದರೆ ಮುಂದಿನದು ಬರುತ್ತದೆ. ಹೌದು ಎಂದರೆ ಅದರ ಹೊಟ್ಟೆಯಿಂದ ಇನ್ನೂ ನಾಲ್ಕು ಮರಿ ಪ್ರಶ್ನೆ ಹುಟ್ಟುತ್ತವೆ. ಅಯ್ಯೋ ಅನ್ನಬಾರದು, ತಲೆಯಾಡಿಸಬಾರದು, ಹುಬ್ಬು ಎತ್ತಬಾರದು. ತರಬೇತಿಯಲ್ಲಿ ನನ್ನ ಹುಬ್ಬು ಬಹಳ ಮಾತಾಡುತ್ತದೆಂದು ಬೈಸಿಕೊಂಡಿದ್ದೆ. ಬಾಯಿಗೆ ಬೀಗ ಹಾಕಬಹುದು, ಹುಬ್ಬಿಗೆ ಎಲ್ಲಿಂದ ತರುವುದು?

ಆ ಮನೆ ಖಾನಾಪುರದಿಂದ ಹಲಸಿ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿತ್ತು. ಬೆಳಗಾವಿಯ ಶಹಾಪುರಕ್ಕೆ ಕೊಟ್ಟ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಸರಿಟ್ಟು ತೊಟ್ಟಿಲಿಗೆ ಹಾಕುವ ಮೊದಲೇ ಕೂಸು ಹೋಗಿತ್ತು. ಕೂಸಿನ ಅಜ್ಜಿ, ಹಣೆ ತುಂಬ ವಿಭೂತಿ ಹಚ್ಚಿದ ಗಟ್ಟಿ ಹೆಂಗಸು, "ಬರ್ರಿ ಬಾಯಾರ, ಕುಂದರ್ರಿ" ಎಂದು ಚಾಪೆ ಹಾಸಿದಳು. ನೀರು ಎರೆಯುವುದರಿಂದ ಹಿಡಿದು ಕೂಸಿನ ಚಾಕರಿಯೆಲ್ಲ ಅವಳೇ ಮಾಡಿದ್ದಳು, ಆದ್ದರಿಂದ ಉತ್ತರ ಹೇಳಲು ಅವಳೇ ಕೂತಳು. ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ನಡುವೆ ಇದ್ದದ್ದು ಒಂದು ಬಾಗಿಲು, ಅದೂ ಅರ್ಧ ತೆರೆದಿತ್ತು.

ಅಜ್ಜಿ ಅಳದೆ ಎಲ್ಲ ಹೇಳಿದಳು. ಕೂಸು ಎರಡು ಗುಟುಕು ಕುಡಿದು ಬಾಯಿ ಬಿಡುತ್ತಿತ್ತಂತೆ, ತೇಕುತ್ತಿತ್ತಂತೆ, ಮೊಲೆ ಕುಡಿಯುವಾಗ ಹಣೆ ಬೆವರುತ್ತಿತ್ತಂತೆ. "ಅತ್ತರ ತುಟಿ ನೇರಳೆಹಣ್ಣು ತಿಂದಂಗ ಆಗ್ತಿದ್ವರಿ." ಕೊನೆಯ ದಿನ ಖಾನಾಪುರ ದವಾಖಾನೆಗೆ ಒಯ್ಯುವಾಗ ಆಟೋದಲ್ಲಿ ಇವಳ ತೊಡೆಯ ಮೇಲೇ ಉಸಿರು ನಿಂತಿತ್ತು. ಹಾವು, ಬೀಳುವುದು, ಎಲ್ಲ ಕೇಳಿದೆ. ಇಲ್ಲ, ಇಲ್ಲ ಎಂದಳು. ಆಮೇಲೆ ಆ ಪ್ರಶ್ನೆ ಬಂತು. ಕೂಸು ಮಲಗುತ್ತಿದ್ದ ಕೋಣೆಯಲ್ಲಿ ಬೆಂಕಿ ಅಥವಾ ಹೊಗೆ ಇರುತ್ತಿತ್ತೆ?

"ಇರ್ತಿತ್ತರಿ. ಬಾಣಂತಿ ಕ್ವಾಣಿ ಅಂದಮ್ಯಾಲೆ ಬೆಂಕಿ ಇಲ್ದ ಇರ್ತೈತೇನ್ರಿ? ಮಲಗೂ ಹೊರಸಿನ ಬುಡಕ ಇಡತಿದ್ವಿ. ಎರದ ಮ್ಯಾಲೆ ಲೋಬಾನ, ಅಜವಾನ, ಬಳ್ಳೊಳ್ಳಿ ಸಿಪ್ಪಿ ಹಾಕಿ ಕಾಸತಿದ್ದೆ."

ಹೌದು ಎಂದು ಒತ್ತಿದೆ. ಮರಿ ಪ್ರಶ್ನೆಗಳು ಸಾಲಾಗಿ ಬಂದವು. ದಿನಕ್ಕೆ ಎಷ್ಟು ಹೊತ್ತು? ಕಿಟಕಿ ಮುಚ್ಚಿರುತ್ತಿತ್ತೆ? ಹೊಗೆಯಿಂದ ಕೂಸು ಕೆಮ್ಮಿತ್ತೆ? ಅಜ್ಜಿಯ ದನಿ ಒಂದೊಂದು ಉತ್ತರಕ್ಕೂ ಸಣ್ಣದಾಗುತ್ತ ಹೋಯಿತು. "ಮುಚ್ಚತಿದ್ವಿ. ಗಾಳಿ ಬಡಿಬಾರದಂತ ಮುಚ್ಚತಿದ್ವಿ," ಎಂದು ನನ್ನ ಕೈಯ ಟ್ಯಾಬನ್ನೇ ನೋಡುತ್ತ ಕೂತಳು. ಅಷ್ಟರಲ್ಲಿ ಒಳಗಿಂದ ಮಗಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ತಲೆಗೆ ಬಾಣಂತಿಯರು ಕಟ್ಟುವಂತೆ ಬಟ್ಟೆ ಬಿಗಿದಿತ್ತು. ನನ್ನನ್ನು ನೋಡಲಿಲ್ಲ, ತಾಯಿಯನ್ನು ನೋಡಿದಳು. ನೋಡಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಮುಂದಿನ ಪ್ರಶ್ನೆ ಓದಿದೆ.

ನಾಗರಪಂಚಮಿ ಮುಗಿದ ಮೇಲೆ ಒಂದು ದಿನ ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಸೆರಗು ಜಗ್ಗಿದರು. ಅದೇ ಅಜ್ಜಿ. ಗಟ್ಟಿ ಹೆಂಗಸು ಅರ್ಧ ಆಗಿದ್ದಳು. ಪಂಚಮಿಗೆ ಮಗಳನ್ನು ಕರೆತರಲು ಮಗ ಶಹಾಪುರಕ್ಕೆ ಹೋಗಿದ್ದನಂತೆ, ಒಬ್ಬನೇ ತಿರುಗಿ ಬಂದನಂತೆ. ನಮ್ಮ ಕಡೆ ಪಂಚಮಿಗೆ ತವರಿಗೆ ಬಾರದ ಹೆಣ್ಣುಮಗಳೆಂದರೆ ತವರು ಸತ್ತವಳೇ ಇರಬೇಕು.

"ಮಗಳು ಫೋನ್ ಎತ್ತೂದಿಲ್ರಿ. ಕೂಸನ್ನ ಹೊಗಿ ಹಾಕಿ ಕೊಂದಿ ಅಂದ್ಳ್ರಿ ನನಗ. ಕಾಲೇಜಿನವರು ಬಂದು ಕೇಳಿ ಹೋದ್ರಲ್ಲ, ಸುಳ್ಳ ಕೇಳ್ತಾರೇನು ಅಂತ ಅಕಿ ಅತ್ತೀನೂ ಅಂದಾಳಂತ."

"ಅವ್ವಾರ, ಅದು ಎಲ್ಲಾ ಮನ್ಯಾಗೂ ಕೇಳೂ ಪ್ರಶ್ನೆರಿ. ನಿಮಗಂತ ಕೇಳಿದ್ದಲ್ಲ. ಹಾವು ಕಡೀತೇನಂತನೂ ಕೇಳಿದ್ನಲ್ಲ?"

"ಹಾವು ಇರಲಿಲ್ಲಲ್ರಿ. ಬೆಂಕಿ ಇತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಗಾದೆಯನ್ನು ನಗಲಿಕ್ಕೆ ಹೇಳುತ್ತೇವೆ. ಕದಿಯದವರೂ ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ನನಗೆ ಆ ದಿನ ತಿಳಿಯಿತು. ಅಜ್ಜಿ ನನ್ನ ನಂಬರು ಕೇಳಿ ತೆಗೆದುಕೊಂಡಳು. "ಡಾಕ್ಟರು ಏನಂತ ಬರದ್ರು, ಅಷ್ಟು ತಿಳದು ಹೇಳ್ರಿ. ನಂದಽ ತಪ್ಪಂದ್ರ ತಪ್ಪು. ಗೊತ್ತಾಗಲಿ," ಎಂದಳು.

ಮರುದಿನವೇ ನಮ್ಮ ಮುಖ್ಯಸ್ಥೆಯ ಮುಂದೆ ಹೋಗಿ ನಿಂತೆ. ಮಕ್ಕಳ ಡಾಕ್ಟರು, ತಲೆ ನರೆತವರು, ಕೆಟ್ಟವರಲ್ಲ. ಆದರೆ ನಿಯಮ ಎಂದರೆ ನಿಯಮ ಎನ್ನುವವರು. ಕಾರಣ ಹೇಳುವುದಕ್ಕೆ ಇದು ದವಾಖಾನೆಯಲ್ಲ, ಒಂದು ಮನೆಗೆ ಹೇಳಿದರೆ ಎಲ್ಲ ಮನೆಗೂ ಹೇಳಬೇಕಾಗುತ್ತದೆ, ಬಾಯಿಮಾತಿನ ಮೇಲೆ ನಿಂತ ತೀರ್ಮಾನ ತಪ್ಪೂ ಇರಬಹುದು ಎಂದರು. ಎಲ್ಲವೂ ಸರಿಯಾದ ಮಾತೇ. ನನಗೆ ಸಿಟ್ಟು ಬಂದಿತ್ತು. "ಮ್ಯಾಡಂ, ನಾವು ಕೇಳಿ ಬಂದದ್ದಽ ಅಲ್ಲಿ ತೀರ್ಪಾಗೈತಿ. ಹೇಳೂದಿಲ್ಲ ಅನ್ನೂ ನಿಯಮ ಆಗಲೇ ಮುರದೈತಿ. ಮುರದದ್ದು ನಾವಽ," ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇದನ್ನೇ ಬರೆದು ಕೊಡಿ ಎಂದರು.

ವಿಷಯ ಕಾಲೇಜಿನ ಅಧ್ಯಯನಗಳಿಗೆ ಒಪ್ಪಿಗೆ ಕೊಡುವ ನೀತಿ ಸಮಿತಿಗೆ ಹೋಯಿತು. ಸಮಿತಿ ಕೂಡಲು ದಸರೆ ಹೋಯಿತು, ದೀಪಾವಳಿ ಹೋಯಿತು. ಕಡೆಗೆ ಒಪ್ಪಿಗೆ ಬಂದದ್ದು ಒಂದು ಷರತ್ತಿನ ಮೇಲೆ. ಕೂಸಿನ ತಾಯಿಗೆ ಮಾತ್ರ ಹೇಳಬಹುದು. ಬೇರೆ ಯಾರಿಗಾದರೂ ತಿಳಿಸಬೇಕಾದರೆ ತಾಯಿ ಒಪ್ಪಬೇಕು. ಆಗ ಮುಖ್ಯಸ್ಥೆ ಕಾರಣ ಹೇಳಿದರು. ಓದಿದ ಇಬ್ಬರೂ ಡಾಕ್ಟರು ಒಂದೇ ಬರೆದಿದ್ದರು. ಬಹುಮಟ್ಟಿಗೆ ಅದು ಹುಟ್ಟಿನಿಂದಲೇ ಹೃದಯದಲ್ಲಿದ್ದ ದೋಷ. ತೇಕು, ಬೆವರು, ನೇರಳೆ ತುಟಿ, ಎಲ್ಲವೂ ಅದನ್ನೇ ಹೇಳುತ್ತಿದ್ದವು. ಬೆಂಕಿ ಹೊಗೆ ಕೂಸಿಗೆ ಒಳ್ಳೆಯದಂತೂ ಅಲ್ಲ, ಆದರೆ ಈ ಕೂಸು ಹೋದದ್ದು ಅದರಿಂದಲ್ಲ. ಮುಂದಿನ ಬಸಿರಿನಲ್ಲಿ ಹೃದಯದ ಸ್ಕ್ಯಾನ್ ತಪ್ಪದೆ ಮಾಡಿಸಬೇಕು ಎಂದೂ ಹೇಳಿ ಕಳಿಸಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸತ್ತ ಕೂಸಿನ ಸುದ್ದಿ ಹೊತ್ತು ಲಗ್ನದ ಕರೆ ಹೇಳಲು ಹೊರಟವಳಂತೆ ಆಟೋ ಹತ್ತಿದೆ.

ಸಂಕ್ರಾಂತಿ ಹತ್ತಿರ ಬಂದಿತ್ತು. ಶಹಾಪುರದ ಆ ಮನೆಯಲ್ಲಿ ಅತ್ತೆ ಪಡಸಾಲೆಯಲ್ಲಿ ಎಳ್ಳು ಹಸನು ಮಾಡುತ್ತ ಕೂತಿದ್ದರು. ಸೊಸೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಮೇಲೆ ಹತ್ತಿ ಹೋಗಿ, ನಿಧಾನವಾಗಿ, ಡಾಕ್ಟರು ಹೇಳಿದಂತೆಯೇ ಹೇಳಿದೆ. ಅವಳು ಮೆಣಸಿನಕಾಯಿ ಹರವುವುದನ್ನು ನಿಲ್ಲಿಸಲಿಲ್ಲ. ಎಲ್ಲ ಕೇಳಿದ ಮೇಲೆ ಕೂತಲ್ಲೇ ಅಂದಳು.

"ಹಂಗಾರ ಖೋಡಿ, ಆ ದೋಷ, ನನ್ನ ಹೊಟ್ಟ್ಯಾಗ ಇತ್ತು."

"ಹಂಗಲ್ಲವ್ವಾ. ಯಾರ ಕೂಸಿಗೂ ಆಗಬಹುದು. ನಿಂದೂ ತಪ್ಪಲ್ಲ, ನಿಮ್ಮವ್ವಂದೂ ತಪ್ಪಲ್ಲ."

"ಅದು ನಿಮಗ ತಿಳಿತೈತ್ರಿ ಅಕ್ಕಾರ. ಕೆಳಗ ಕುಂತಾರಲ್ಲ, ಅವರಿಗೆ ತಿಳಿಬೇಕಲ್ಲ." ದನಿ ತಗ್ಗಿಸಿದಳು. "ಈಗ ಅವರ ಲೆಕ್ಕದಾಗ ಕೂಸು ಹೋಗಿದ್ದು ನಮ್ಮವ್ವನ ಕೈಯಾಗ. ನಾ ಪಾಪ ಅನಿಸಿಕೊಂಡಾಕಿ. ಅತ್ತಿ ತಾವಽ ತಾಟಿಗೆ ನೀಡಿ ಉಣಸ್ತಾರ. ಖೋಡಿ ನಂದಂತ ಗೊತ್ತಾದ್ರ ಈ ಮನ್ಯಾಗ ನನ್ನ ಇಟಗೋತಾರೇನ್ರಿ? ಮತ್ತ ಬಸರಾಗೀನಿ. ಇನ್ನ ಯಾರಿಗೂ ಹೇಳಿಲ್ಲ."

ಸ್ಕ್ಯಾನಿನ ಮಾತು ಹೇಳಿದೆ. ಗಂಡನಿಗಷ್ಟೇ ತಿಳಿಸಿ, ಅತ್ತೆಗೆ ತಲೆನೋವೆಂದು ನೆಪ ಹೇಳಿ ಅವನ ಜೊತೆ ದವಾಖಾನೆಗೆ ಬರುತ್ತೇನೆ ಎಂದು ಒಪ್ಪಿದಳು. ತಾಯಿಗೆ ಮಾತ್ರ ಹೇಳಬೇಡಿ ಎಂದಳು. "ಅಕಿ ಬಾಯಾಗ ಮಾತು ನಿಲ್ಲೂದಿಲ್ಲ. ಮರುದಿನಾನ ಬಸ್ ಹತ್ತಿ ಬಂದು, ನನ್ನ ಬೆಂಕಿ ಅಲ್ಲಂತ ಅತ್ತಿ ಮುಂದ ಹೇಳ್ತಾಳ."

ನನ್ನ ಹುಬ್ಬು ಏರಿರಬೇಕು, ಬಾಯಿಯೂ ತಡೆಯಲಿಲ್ಲ. "ನಿಮ್ಮವ್ವ ಅರ್ಧ ಜೀವ ಆಗ್ಯಾಳ. ನೋಡಿದ್ರ ನಿನಗ ಕರುಳು ಚುರ್ ಅಂತೈತಿ."

"ಗೊತ್ತೈತ್ರಿ," ಎಂದಳು. ಆಗ ಅತ್ತಳು. ಮೆಣಸಿನಕಾಯಿ ಕೈಯಿಂದ ಕಣ್ಣು ಮುಟ್ಟಲು ಬಾರದೆ ಮೊಣಕೈಯಿಂದ ಒರೆಸಿಕೊಂಡಳು. "ಈ ಕೂಸು ಗಟ್ಟಿಯಾಗಿ ಕೈಗೆ ಬರಲಿ. ಆಮ್ಯಾಲೆ ನಾನಽ ಹೋಗಿ ಕಾಲ ಹಿಡೀತೀನಿ. ಅಲ್ಲೀತನಕ ಅಕಿ ಹೊರ್ಲಿ. ಅಕಿಗರೆ ಅಕಿ ಮನಿ ಐತಿ. ನನಗ ಯಾವ ಮನಿ ಐತ್ರಿ?"

ಇಳಿದು ಬರುವಾಗ ಅತ್ತೆ ಮೊರದಿಂದ ತಲೆ ಎತ್ತಿದರು. "ಏನಂತ ಬರದಾರ್ರಿ ಡಾಕ್ಟರು? ಬೆಂಕೀನಽ ಕಾರಣ ಹೌದಲ್ರಿ?"

"ಅದನ್ನ ಹೇಳೂ ಹಂಗಿಲ್ರಿ," ಎಂದೆ.

"ಆತ್ ಬಿಡ್ರಿ," ಎಂದು ಅವರು ಸಮಾಧಾನದಿಂದ ಎಳ್ಳಿಗೆ ತಿರುಗಿದರು. ಹೇಳುವಂತಿಲ್ಲ ಎಂದದ್ದೇ ಅವರಿಗೆ ಹೌದು ಎಂದಂತಾಯಿತು ಎಂಬುದು ಗಲ್ಲಿಯ ತಿರುವು ದಾಟಿದ ಮೇಲೆ ನನಗೆ ಹೊಳೆಯಿತು. ಬಾಯಿ ಬಿಟ್ಟರೆ ಒಂದು ಮನೆ ಮುರಿಯುತ್ತದೆ, ಮುಚ್ಚಿದರೆ ಇನ್ನೊಂದು.

ಮಾರನೆಯ ಮಧ್ಯಾಹ್ನ ಅಜ್ಜಿಯ ಫೋನು ಬಂತು. ಕಾಲೇಜಿನವರು ಮಗಳ ಮನೆಗೆ ಹೋಗಿದ್ದರೆಂದು ಯಾರಿಂದಲೋ ಅವಳಿಗೆ ಸುದ್ದಿ ಮುಟ್ಟಿತ್ತು.

"ಡಾಕ್ಟರ ಮಾತು ಬಂತೇನ್ರಿ ಬಾಯಾರ?"

"ಬಂದೈತ್ರಿ ಅವ್ವಾರ. ಕೂಸಿನ ತಾಯಿಗೆ ಅಷ್ಟಽ ಹೇಳೂ ನಿಯಮ ಐತ್ರಿ."

"ಅಕಿಗೆ ಹೇಳಿದ್ರಿ?"

"ಹೇಳೀನ್ರಿ."

"ಕೇಳಿ, ನಮ್ಮವ್ವಗ ತಿಳಸ್ರಿ ಅಂತೇನರೆ ಅಂದ್ಳೇನ್ರಿ?"

ನಾನು ಸುಮ್ಮನಾದೆ. ನಿಮ್ಮ ತಪ್ಪಲ್ಲ ಎನ್ನುವ ಎರಡು ಶಬ್ದ ಬಾಯಿಗೆ ಬಂದು ನಿಂತವು, ಮಾಳಿಗೆಯ ಮೇಲಿನ ಹುಡುಗಿಯ ಹೊಟ್ಟೆ ಕಣ್ಣ ಮುಂದಿತ್ತು. ಆಚೆ ಕಡೆಯಿಂದ ಉಸಿರು ಕೇಳುತ್ತಿತ್ತು. ಅಜ್ಜಿ ಕಾದಳು, ಆಮೇಲೆ ಕಾಯುವುದನ್ನು ಬಿಟ್ಟಳು.

"ಇರ್ಲಿ, ಹೇಳಬ್ಯಾಡ್ರಿ. ತಿಳೀತು ನನಗ. ಚಲೋ ಮಾತಿದ್ರ ನೀವು ತಡೀತಿರಲಿಲ್ಲ." ದನಿ ನಡುಗಲಿಲ್ಲ. "ಅಕಿ ಸಿಟ್ಟು ಖರೇನ ಐತ್ರಿ ಹಂಗಾರ. ನೀವು ಮತ್ತ ಆ ಕಡೆ ಹೋದ್ರ ಒಂದ ಮಾತು ಹೇಳ್ರಿ ಅಕಿಗೆ. ನಿಮ್ಮವ್ವ ಇನ್ನ ಪಂಚಮಿಗೆ ಕರಿಯಾಕ ಯಾರನ್ನೂ ಕಳಸೂದಿಲ್ಲಂತ ಹೇಳ್ರಿ."