ನಾದಿನಿ ದಾಳ ಹಾಕಿ ಹುಡುಕಿದ ರಾಗ

ನನ್ನ ನಾದಿನಿ ಕನ್ನಡಕದ ಅಂಗಡಿಯಲ್ಲಿ ಗಾಜು ತೇಯುತ್ತಾಳೆ. ಅಂಗಡಿಯ ಮುಂಭಾಗದಲ್ಲಿ ಕನ್ನಡಿಗಳು, ಫ್ರೇಮುಗಳ ಸಾಲು, ನಗುಮುಖದ ಮಾಲೀಕರು. ಪರದೆಯ ಹಿಂದೆ ಇವಳು. ದುಂಡನೆಯ ಗಾಜನ್ನು ಯಂತ್ರಕ್ಕೆ ಸಿಕ್ಕಿಸಿ, ಫ್ರೇಮಿನ ಆಕಾರಕ್ಕೆ ಸರಿಯಾಗಿ ಅದರ ಅಂಚನ್ನು ಚಕ್ರಕ್ಕೆ ಒತ್ತುತ್ತಾಳೆ. ಚಕ್ರದ ಮೇಲೆ ಸಣ್ಣಗೆ ನೀರು ಸುರಿಯುತ್ತಿರುತ್ತದೆ. ಸಂಜೆ ಮನೆಗೆ ಬಂದಾಗ ಅವಳ ಉಗುರಿನ ಸಂದಿಯಲ್ಲಿ ಬಿಳಿಯ ಕೆಸರು ಒಣಗಿರುತ್ತದೆ. ಅದನ್ನು ತೊಳೆಯುವ ಮೊದಲೇ ಕಂಪ್ಯೂಟರಿನ ಗುಂಡಿ ಒತ್ತಿಬಿಡುತ್ತಾಳೆ. ಅದು ಹಳೆಯದು, ಏಳುವುದಕ್ಕೆ ಹೊತ್ತು ಬೇಕು. ಕೈ ತೊಳೆದು, ಚಹಾ ಕುಡಿದು ಬರುವಷ್ಟರಲ್ಲಿ ಸಿದ್ಧವಾಗಿರುತ್ತದೆ.

ಮೊದಲು ಅವಳಿಗೆ ಕಂಪ್ಯೂಟರು ಬೇಕಿರಲಿಲ್ಲ. ಗಾಜು ತೇಯುವ ಚಕ್ರಕ್ಕೆ ಒಂದು ಶ್ರುತಿ ಇದೆಯಂತೆ. ಅದನ್ನೇ ಹಿಡಿದುಕೊಂಡು ದಿನವಿಡೀ ಹಾಡುತ್ತಿದ್ದಳು. ಪರದೆಯ ಆಚೆಯ ಗಿರಾಕಿಗಳು ರೇಡಿಯೋ ಅಂದುಕೊಳ್ಳುತ್ತಿದ್ದರಂತೆ. ಒಬ್ಬರು ಮಾಲೀಕರಿಗೆ, "ಸ್ವಲ್ಪ ಸೌಂಡ್ ಜಾಸ್ತಿ ಮಾಡಿ, ಚೆನ್ನಾಗಿದೆ" ಅಂದರಂತೆ. ಮಾಲೀಕರು ಪರದೆ ಸರಿಸಿ, "ಸೌಂಡ್ ಜಾಸ್ತಿ ಮಾಡಮ್ಮ" ಅಂದರಂತೆ. ಈ ಕಥೆಯನ್ನು ನಮ್ಮನೆಯವರು ಬಂದವರಿಗೆಲ್ಲ ಹೇಳುತ್ತಿದ್ದರು. ತಂಗಿಯನ್ನು ಚಿಕ್ಕಂದಿನಿಂದ "ಕೋಗಿಲೆ" ಎಂದೇ ಕರೆದವರು ಅವರು. ಮೊದಲು ರೇಗಿಸಲು ಇಟ್ಟ ಹೆಸರು, ಆಮೇಲೆ ಬರೀ ಹೆಸರಾಯಿತು.

ಆಮೇಲೆ ಅವಳ ಗಂಟಲಲ್ಲಿ ಒಂದು ಗಂಟು ಕಂಡಿತು. ತೆಗೆದರು. ಕೆಟ್ಟ ಗಂಟಲ್ಲ ಅಂದಾಗ ದೇವರಿಗೆ ಕೈ ಮುಗಿದೆ. ಆದರೆ ಗಂಟಿನ ಜೊತೆಗೆ ದನಿಯೂ ಹೋಗಿತ್ತು. ನರ ಗಂಟಿಗೆ ಅಂಟಿಕೊಂಡೇ ಬೆಳೆದಿತ್ತು, ಯಾರು ಮಾಡಿದ್ದರೂ ಇಷ್ಟೇ ಆಗುತ್ತಿತ್ತು ಎಂದು ಡಾಕ್ಟರಮ್ಮ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಉಳಿದದ್ದು ಪಿಸುಮಾತು. ಅದರಲ್ಲಿ ಮಾತಾಡಬಹುದು, ಬೈಯಬಹುದು, ಹಾಡಲಾಗುವುದಿಲ್ಲ. ಕೋಗಿಲೆ ಎಂಬ ಹೆಸರು ನಮ್ಮ ಮನೆಯಲ್ಲಿ ಅಂದಿನಿಂದ ಕೇಳಿಸಲಿಲ್ಲ. ಕರೆಯಬೇಡಿ ಎಂದು ಯಾರೂ ಹೇಳಿರಲಿಲ್ಲ. ನಮ್ಮನೆಯವರು ಬಾಯಿ ತೆರೆದು, ಆ ಹೆಸರಿನ ಹತ್ತಿರ ಬಂದು, "ಏ ಇವಳೇ" ಎಂದು ಪಕ್ಕಕ್ಕೆ ತಿರುಗುತ್ತಿದ್ದರು.

ಅಂಗಡಿಗೆ ಹೊಸ ಕಂಪ್ಯೂಟರು ಬಂದಾಗ ಮಾಲೀಕರು ಹಳೆಯದನ್ನು ಇವಳಿಗೆ ಕೊಟ್ಟರು. ಅದರಲ್ಲಿ ಸಂಗೀತ ಮಾಡಬಹುದು ಎಂದು ಅವಳೇ ಎಲ್ಲೋ ನೋಡಿ ಕಲಿತಳು. ಒಂದೊಂದೇ ಸ್ವರವನ್ನು ಒತ್ತಿ ಕೂರಿಸುವುದು, ಅದಕ್ಕೆ ಗಂಟೆಯದೋ ಕೊಳಲಿನದೋ ಭೂಮಿಯ ಮೇಲೆ ಎಲ್ಲೂ ಇಲ್ಲದ್ದೋ ಒಂದು ದನಿ ಕೊಡುವುದು. ಕೆಲವು ದಿನ ಕೂತಳು. ಆಮೇಲೆ ಅದಕ್ಕೆ ಬಟ್ಟೆ ಹೊದಿಸಿ ಸುಮ್ಮನಾದಳು.

"ಯಾಕೆ ಬಿಟ್ಟೆ?" ಅಂದೆ.

"ನನ್ನ ಕೈ ಗಂಟಲಿನ ಹಾದಿಯನ್ನೇ ಹಿಡಿಯುತ್ತೆ ಅತ್ತಿಗೆ. ಏನು ಮಾಡಿದ್ರೂ ನಾನು ಹಾಡ್ತಿದ್ದ ಹಾಡೇ ಬರುತ್ತೆ. ಆ ಹಾದಿಯ ಕೊನೆಗೆ ಬಾಗಿಲು ಹಾಕಿದೆ."

ಆಮೇಲೆ ಅವಳಿಗೆ ದಾಳ ಸಿಕ್ಕಿತು. ಹಾಗೆಂದು ನಾನು ಕರೆಯುತ್ತೇನೆ. ಅದು ಕಂಪ್ಯೂಟರಿನೊಳಗಿನ ಒಂದು ಸಾಧನ. ಯಾವ ಯಾವ ಸ್ವರ ಬರಬಹುದು, ಎಷ್ಟು ದೂರ ಹಾರಬಹುದು, ಎಷ್ಟು ಉದ್ದ ನಿಲ್ಲಬಹುದು, ಗಟ್ಟಿಯೋ ಮೆಲ್ಲಗೋ, ಇಷ್ಟನ್ನು ಇವಳು ಹೇಳಬೇಕು. ಗುಂಡಿ ಒತ್ತಿದರೆ ಅದು ಆ ಬೇಲಿಯೊಳಗೆ ಕಣ್ಣುಮುಚ್ಚಿ ಸ್ವರಗಳನ್ನು ಎರಚುತ್ತದೆ. ಹಾಗೆ ಬಿದ್ದ ಸಾಲು ಸುತ್ತಿ ಸುತ್ತಿ ನುಡಿಯುತ್ತಿರುತ್ತದೆ. ಇನ್ನೊಮ್ಮೆ ಒತ್ತಿದರೆ ಬೇರೆ ಸಾಲು. ಬಂದದ್ದರಲ್ಲಿ ಹೆಚ್ಚಿನದು ಹೊಟ್ಟು. ಕೂತು ಕೇಳಬೇಕು, ತೂರಬೇಕು, ಯಾವಾಗಲೋ ಒಂದು ಕಾಳು.

"ಇಲಿ ಹಾರ್ಮೋನಿಯಂ ಮೇಲೆ ಓಡಿದ ಹಾಗಿದೆ" ಅಂದರು ನಮ್ಮನೆಯವರು, ಮೊದಲ ದಿನ.

"ಇಲಿಗೆ ನಿನಗಿಂತ ತಾಳ ಗೊತ್ತು ಅಣ್ಣ" ಎಂದು ಪಿಸುಗುಟ್ಟಿದಳು.

ಅವಳು ಇಷ್ಟಪಟ್ಟದ್ದು ಅದನ್ನೇ. ಆ ಸ್ವರಗಳು ಅವಳ ಗಂಟಲನ್ನು ಕಂಡವಲ್ಲ. ಅವು ಹೋದ ಕಡೆ ಅವಳೂ ಹೊಸಬಳು.

ನಾನು ಬೀದಿಯ ಕೆಲವು ಮನೆಗಳ ಬಟ್ಟೆ ಇಸ್ತ್ರಿ ಮಾಡಿಕೊಡುತ್ತೇನೆ. ನನ್ನ ಮೇಜು ಅವಳ ಕೋಣೆಯ ಬಾಗಿಲಿಗೆ ಎದುರಾಗಿ ಇದೆ. ಬಾಗಿಲು ತೆರೆದಿರುತ್ತಿತ್ತು. ನನಗೆ ಸಂಗೀತ ಬರುವುದಿಲ್ಲ. ಇಸ್ತ್ರಿ ಮಾಡುತ್ತ ಮನಸ್ಸಿನಲ್ಲಿ ಪ್ರಾರ್ಥನೆ ಹೇಳಿಕೊಳ್ಳುವುದು ನನ್ನ ರೂಢಿ. ಕೈಗೆ ಒಂದು ಕೆಲಸ, ಮನಸ್ಸಿಗೆ ಒಂದು ಕೆಲಸ.

ಆ ಭಾನುವಾರ ಮಧ್ಯಾಹ್ನ ನಾನು ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಒಳಗಿನಿಂದ ಒಂದು ಸಾಲು ಬಂತು. ಹೇಗೆ ಹೇಳಲಿ? ನಿದ್ದೆಗೆ ಜಾರುವಾಗ ಯಾರೋ ನಮ್ಮನ್ನು ಮೆಟ್ಟಿಲಿಳಿಸಿ ನೀರಿನವರೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ನಡೆಯದೆ ತೇಲಿಸಿಕೊಂಡು ಹೋದ ಹಾಗೆ. ನಾದಿನಿ ಮತ್ತೆ ಗುಂಡಿ ಒತ್ತಲಿಲ್ಲ. ಅದು ಸುತ್ತುತ್ತಲೇ ಇತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ಸರಿಯುತ್ತಿತ್ತು, ಇಸ್ತ್ರಿಪೆಟ್ಟಿಗೆಯಿಂದ ಹಬೆ ಏಳುತ್ತಿತ್ತು, ಬಿಳಿಯ ಬಟ್ಟೆ ನನ್ನ ಮುಂದೆ ಹೊಲದ ಹಾಗೆ ಹರಡಿತ್ತು. ಇದು ಯಾವ ದಿನ, ಯಾರ ಮನೆಯ ಬಟ್ಟೆ, ಎಲ್ಲ ಮರೆತೇ ಹೋಗಿತ್ತು.

ಅಷ್ಟರಲ್ಲಿ ನೃತ್ಯದ ಟೀಚರು ಬಂದರು. ಅಂಗಡಿಯ ಹಳೇ ಗಿರಾಕಿ. ಭಾನುವಾರ ಅಂಗಡಿಗೆ ರಜೆ ಎಂದು ನಾದಿನಿ ಅವರ ಹೊಸ ಕನ್ನಡಕವನ್ನು ಮನೆಗೇ ತಂದಿಟ್ಟಿದ್ದಳು. ಟೀಚರು ಕನ್ನಡಕ ಹಾಕಿಕೊಳ್ಳುವುದನ್ನು ಮರೆತು ಬಾಗಿಲಲ್ಲಿ ನಿಂತುಬಿಟ್ಟರು.

"ಯಾರದಿದು?"

ನಾದಿನಿ ತನ್ನ ಎದೆ ಮುಟ್ಟಿಕೊಂಡಳು. ಆಮೇಲೆ ಅನುಮಾನಿಸಿ ಕಂಪ್ಯೂಟರನ್ನೂ ತೋರಿಸಿದಳು.

"ನನಗೆ ಕೊಡ್ತೀರಾ? ನನ್ನ ಹುಡುಗಿಯರಿಗೆ ಹೊಸದೊಂದು ಕಟ್ಟಬೇಕು, ಹೊಂದೋ ಸಂಗೀತ ಸಿಗದೆ ಒದ್ದಾಡ್ತಿದ್ದೆ. ಮುಂದಿನ ಭಾನುವಾರ ಅವರನ್ನ ಕರ್ಕೊಂಡೇ ಬರ್ತೀನಿ. ನಿಮ್ಮ ಹೆಸರು ಹಾಕಿಯೇ ಆಡಿಸ್ತೀನಿ."

ಅವರು ಹೋದ ಮೇಲೆ ನಾದಿನಿ ನನ್ನನ್ನು ಹಿಡಿದುಕೊಂಡು ಗಿರ್ರನೆ ಒಂದು ಸುತ್ತು ಸುತ್ತಿದಳು. "ಬಿಡೇ, ಇಸ್ತ್ರಿ ಕಾದಿದೆ" ಎಂದು ಕೂಗಿದೆ. ಅವಳು ಬಾಯಿ ತೆರೆದು ಸದ್ದಿಲ್ಲದೆ ನಗುತ್ತಿದ್ದಳು. ದನಿ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಕರೆಂಟು ಹೋಯಿತು. ನನ್ನ ಇಸ್ತ್ರಿ ಆರಿತು. ಅವಳ ರಾಗವೂ ನಿಂತಿತು.

ಕರೆಂಟು ಬಂದ ಮೇಲೆ ಕಂಪ್ಯೂಟರು ತೆರೆದಳು. ಎಲ್ಲ ಇದ್ದ ಹಾಗೇ ಇತ್ತು. ಗುಂಡಿ ಒತ್ತಿದಳು. ಬಂದದ್ದು ಬೇರೆ ಸಾಲು. ದಾಳಕ್ಕೆ ಹಾಕಿದ ಬೇಲಿಯನ್ನು ಅವಳು ಉಳಿಸಿದ್ದಳು, ಬಿದ್ದ ಸ್ವರಗಳನ್ನಲ್ಲ. ಬಿದ್ದದ್ದನ್ನು ಹಿಡಿದಿಡಲು ಬೇರೆಯೇ ಒಂದು ಗುಂಡಿ ಇದೆ. ಅಷ್ಟು ಹೊತ್ತು ಸುತ್ತಿದ್ದು ತನ್ನದೇ ಆಗಿಬಿಟ್ಟಿದೆ ಎಂಬ ಧೈರ್ಯದಲ್ಲಿ ಅವಳು ಅದನ್ನು ಒತ್ತಿರಲಿಲ್ಲ.

"ಇನ್ನೊಂದ್ಸಲ ಹಾಕು, ಬಂದೇ ಬರುತ್ತೆ" ಎಂದರು ನಮ್ಮನೆಯವರು.

"ಅಣ್ಣ, ಇದು ಬಸ್ಸಲ್ಲ" ಅಂದಳು.

ಆದರೂ ಹಾಕಿದಳು. ಆ ವಾರವೆಲ್ಲ ಸಂಜೆ ಅಂಗಡಿಯಿಂದ ಬಂದವಳೇ ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಬಾಗಿಲು ಹಾಕಿಕೊಂಡು ದಾಳ ಹಾಕುತ್ತಿದ್ದಳು. ಮನೆಗೆ ಮನೆಯೇ ಮೌನವಾಯಿತು. ಊಟಕ್ಕೆ ಬಂದಾಗ ಅವಳ ಕಣ್ಣು ಕೆಂಪಾಗಿರುತ್ತಿತ್ತು.

"ಮೊದಲ ದಿನ ನನಗೆ ಅದು ನೆನಪಿತ್ತು ಅತ್ತಿಗೆ" ಎಂದಳು ಒಂದು ದಿನ, ತಟ್ಟೆಯಲ್ಲಿ ಬೆರಳಾಡಿಸುತ್ತ. "ದನಿ ಇದ್ದಿದ್ರೆ ತಕ್ಷಣ ಹಾಡಿ ಹಿಡ್ಕೋತಿದ್ದೆ. ಈಗ ಹೊಸ ಹೊಸದು ಕೇಳಿ ಕೇಳಿ ಅದು ಅಳಿಸಿಹೋಯ್ತು. ಹುಡುಕಿದಷ್ಟೂ ಕಳ್ಕೊಂಡೆ."

"ಟೀಚರಿಗೆ ಬೇರೆಯದು ಕೊಡಬಾರದಾ?"

"ಕೊಡಬಹುದು. ಆದ್ರೆ ದನಿ ಹೋದ ಮೇಲೆ ನಾನು 'ಇದು ನನ್ನದು' ಅಂದದ್ದು ಅದೊಂದನ್ನೇ. ಅದನ್ನೂ ಇಟ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ನನಗೆ ಈ ಪೆಟ್ಟಿಗೆ ಬೇಡ. ಮಾಲೀಕರಿಗೆ ವಾಪಸ್ ಕೊಟ್ಟುಬಿಡ್ತೀನಿ."

ಅವಳು ಸುಮ್ಮನೆ ಹೆದರಿಸುವವಳಲ್ಲ. ಶನಿವಾರ ನೋಡಿದರೆ ಕಂಪ್ಯೂಟರಿನ ಮೇಲೆ ಮತ್ತೆ ಬಟ್ಟೆ ಹೊದಿಸಿತ್ತು.

ನನ್ನಿಂದ ಆಗುವ ಸಹಾಯ ಒಂದೇ. ಇಡೀ ವಾರ ಇಸ್ತ್ರಿ ಮಾಡುತ್ತ ಅದನ್ನೇ ಬೇಡಿಕೊಂಡೆ. ಅಪ್ಪಾ, ಆ ಮಗುವಿನ ರಾಗವನ್ನು ಅದಕ್ಕೆ ಕೊಟ್ಟುಬಿಡು.

ಭಾನುವಾರ ಬೆಳಿಗ್ಗೆ ನಮ್ಮನೆಯವರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಬೆನ್ನಿನ ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿದರೆ ನಾದಿನಿ. ಅವಳ ಕೈಯಿಂದ ಬಾಚಣಿಗೆ ಜಾರಿಬಿದ್ದಿತ್ತು. ಅರ್ಧ ಬಾಚಿದ ತಲೆ.

"ನಿಲ್ಲಿಸಬೇಡಿ" ಎಂದು ಪಿಸುಗುಟ್ಟಿದಳು.

"ಏನನ್ನ?"

"ಈಗ ಗುನುಗ್ತಿದ್ರಲ್ಲ, ಅದನ್ನ."

ನಾನು ಗುನುಗುತ್ತಿದ್ದೆನೆಂಬುದೇ ನನಗೆ ಗೊತ್ತಿರಲಿಲ್ಲ. ನಾನು ಹೇಳಿಕೊಳ್ಳುತ್ತಿದ್ದದ್ದು ಪ್ರಾರ್ಥನೆ. ಆ ಮಧ್ಯಾಹ್ನದ ಧಾಟಿಯ ಮೇಲೆ ನನ್ನ ಮಾತುಗಳು ಯಾವಾಗ ಹೋಗಿ ಕೂತುಕೊಂಡವೋ! ಹೆಡ್‌ಫೋನಿನ ದೆಸೆಯಿಂದ ಆಮೇಲಿನ ಯಾವ ಸಾಲೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ರಾಗ ಸಿಗಲಿ ಎಂದು ವಾರವಿಡೀ ಆ ರಾಗದಲ್ಲೇ ಬೇಡಿಕೊಂಡಿದ್ದೆ.

"ಹಾಡಿ ಅತ್ತಿಗೆ."

ಬಾಯಿ ತೆರೆದೆ. ಏನೂ ಬರಲಿಲ್ಲ. ಇನ್ನೊಮ್ಮೆ ನೋಡಿದೆ. ಬಂದದ್ದು ಕತ್ತೆಯ ದನಿ. ಅವಳು ಎದುರಿಗೆ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರೆ ನನಗೆ ನನ್ನ ಹೆಸರೂ ಮರೆತುಹೋಗುತ್ತಿತ್ತು.

ನಮ್ಮನೆಯವರು ಪತ್ರಿಕೆ ಮಡಚಿಟ್ಟು ಎದ್ದು ಬಂದರು. "ಇವಳನ್ನ ಕೇಳಿದ್ರೆ ಬರಲ್ಲ. ಕೆಲಸ ಕೊಡು, ಬರುತ್ತೆ" ಎಂದು ಇಸ್ತ್ರಿ ಆದ ಅಂಗಿಯನ್ನು ಎತ್ತಿಕೊಂಡು, ಮುದ್ದೆ ಮಾಡಿ, ನೀರು ಚಿಮುಕಿಸಿ ನನ್ನ ಮುಂದೆ ಹಾಕಿದರು.

"ರೀ! ಈಗ ತಾನೇ..."

"ಹಾಕು, ಹಾಕು. ದೇವರನ್ನ ನೆನ್ಕೋ. ನಮ್ಮನ್ನ ಮರ್ತುಬಿಡು."

ನಾದಿನಿ ಕಂಪ್ಯೂಟರಿನ ಬಟ್ಟೆ ತೆಗೆದು, ನನಗೆ ಬೆನ್ನು ಮಾಡಿ ಕೂತಳು. ನಾನು ಇಸ್ತ್ರಿ ತಳ್ಳಿದೆ. ಅಂಗಿಯಾಯಿತು, ಅವರು ಮತ್ತೆ ಮುದ್ದೆ ಮಾಡಿದರು. ಅಂಗಿಗಿಂತ ಹೊದಿಕೆ ವಾಸಿ ಎಂದು ಕಪಾಟಿನಿಂದ ಮಡಚಿಟ್ಟ ಹೊದಿಕೆಗಳನ್ನೆಲ್ಲ ತಂದು ನೆನೆಸಿದರು. ಮೊದಮೊದಲು ಕೋಪ ಬಂತು, ಆಮೇಲೆ ನಗು ಬಂತು, ಆಮೇಲೆ ಎರಡೂ ಹೋದವು. ಹಬೆ, ಬಿಳಿಯ ಬಟ್ಟೆ, ಕಿಟಕಿಯ ಬೆಳಕು. ಪ್ರಾರ್ಥನೆ ತಾನಾಗಿ ಶುರುವಾಯಿತು. ನನಗೆ ಗೊತ್ತಾಗದ ಹಾಗೆ ರಾಗವೂ ಬಂದಿರಬೇಕು, ಏಕೆಂದರೆ ಅವಳ ಕೋಣೆಯಿಂದ ಟಕ್, ಟಕ್ ಎಂದು ಒಂದೊಂದೇ ಸ್ವರ ಕೂರಿಸುವ ಸದ್ದು ಕನಸಿನೊಳಗಿನ ಸದ್ದಿನಂತೆ ಕೇಳಿಸುತ್ತಿತ್ತು.

ಕೊನೆಗೆ ಅವಳು ಅದನ್ನು ನುಡಿಸಿದಳು. ಅದೇ ಮೆಟ್ಟಿಲು, ಅದೇ ನೀರು.

"ಒಂದು ಕಡೆ ಮಾತ್ರ ನೀವು ಬೇರೆ ಮಾಡ್ತಿದ್ದೀರಿ" ಎಂದಳು. "ಇಲ್ಲಿ ಮೇಲಕ್ಕೆ ಹಾರಿತ್ತು. ಈಗ ನೆನಪಾಯ್ತು. ನೀವು ಪ್ರತಿ ಸಲ ಕೆಳಗಿಳಿದು ಸ್ವಲ್ಪ ನಿಲ್ತೀರಿ."

ಯೋಚಿಸಿ ನೋಡಿದೆ. ಬಟ್ಟೆಯ ಅಂಚು ಮುಟ್ಟಿದಾಗ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸುತ್ತೇನೆ. ಉಸಿರು ಬಿಡುವುದು ಅಲ್ಲೇ. "ತಪ್ಪಾಯ್ತು ಕಣೇ, ನೀನು ಸರಿ ಮಾಡ್ಕೋ" ಅಂದೆ.

ಅವಳು ಸ್ವರವನ್ನು ಮೇಲಕ್ಕೆ ಏರಿಸಿ ಕೇಳಿದಳು. ಕೆಳಗಿಳಿಸಿ ಕೇಳಿದಳು. ಮತ್ತೆ ಏರಿಸಿದಳು. ಕೊನೆಗೆ ಕೆಳಗಿಳಿಸಿಯೇ ಬಿಟ್ಟಳು.

"ದಾಳಕ್ಕೆ ಉಸಿರು ಬೇಕಾಗಿಲ್ಲ ಅತ್ತಿಗೆ. ಕುಣಿಯೋರಿಗೆ ಬೇಕು."

ಮಧ್ಯಾಹ್ನ ಟೀಚರು ಹುಡುಗಿಯರೊಂದಿಗೆ ಬಂದರು. ನಮ್ಮ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಮಡಚಿದ ಹೊದಿಕೆಗಳ ರಾಶಿಯನ್ನು ಸರಿಸಿ ನೆಲದ ಮೇಲೆ ಕೂತರು. ನಾದಿನಿ ನುಡಿಸಿದಳು. ಅವಳ ಕುತ್ತಿಗೆಯ ಮೇಲಿನ ಆಪರೇಷನ್ನಿನ ಗೆರೆ ಕೆಂಪಾಗಿತ್ತು.

ಮುಗಿದ ಮೇಲೆ ಟೀಚರು, "ಅವತ್ತಿನದೇ ತಾನೇ?" ಎಂದರು.

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಇಲ್ಲವೆಂದು ತಲೆಯಾಡಿಸಿದಳು. "ಪೂರ್ತಿ ಅದೇ ಅಲ್ಲ. ಅದು ಕಳೆದುಹೋಗಿತ್ತು. ನಮ್ಮ ಅತ್ತಿಗೆ ಬಾಯಿಂದ ಇಳಿಸ್ಕೊಂಡೆ. ಒಂದು ಕಡೆ ಬದಲಾಗಿದೆ."

"ಎಲ್ಲಿ? ಹೇಳಬೇಡಿ, ಇನ್ನೊಂದು ಸಲ ಹಾಕಿ."

ಈ ಸಲ ಅವರು ಎದ್ದು ನಿಂತರು. ಕಣ್ಣು ಮುಚ್ಚಿ, ಕೈಯನ್ನು ಸ್ವಲ್ಪವೇ ಆಡಿಸುತ್ತ, ನಮ್ಮ ಚಿಕ್ಕ ಕೋಣೆಯಲ್ಲಿ ಎರಡು ಹೆಜ್ಜೆ ಆ ಕಡೆ, ಎರಡು ಈ ಕಡೆ ಇಟ್ಟರು. ಅಲ್ಲಿಗೆ ಬಂದಾಗ ಅವರ ಕೈ ತಾನಾಗಿ ಕೆಳಗಿಳಿಯಿತು, ಪಾದ ಪೂರ್ತಿ ನೆಲಕ್ಕೆ ಊರಿತು.

"ಇಲ್ಲಿ" ಎಂದು ಕಣ್ಣು ತೆರೆದರು. "ಹೋದ ವಾರ ಅರ್ಧಂಬರ್ಧ ನೆನಪು ಮಾಡ್ಕೊಂಡು ಮನೆಯಲ್ಲಿ ಆಡಿ ನೋಡಿದ್ದೆ. ಎಲ್ಲೂ ಕಾಲು ಊರೋಕೇ ಆಗ್ತಿರಲಿಲ್ಲ. ಹುಡುಗಿಯರು ಸುಸ್ತಾಗಿ ಬೀಳ್ತಾರೆ ಅಂತ ಭಯವಾಗಿತ್ತು. ಇದನ್ನೇ ಕೊಡಿ."

ಹುಡುಗಿಯರು ಒಬ್ಬೊಬ್ಬರಾಗಿ ಎದ್ದರು. ಮತ್ತೆ ನುಡಿಸಿದಳು, ಮತ್ತೆ ನುಡಿಸಿದಳು. ಆ ಜಾಗ ಬಂದಾಗಲೆಲ್ಲ ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಡುವುದು ಕೇಳಿಸುತ್ತಿತ್ತು. ನಾದಿನಿಯ ತುಟಿಯೂ ಆಡುತ್ತಿತ್ತು. ಆ ಒಂದು ಉಸಿರಿನಲ್ಲಿ ಅವಳದು ಯಾವುದು, ದನಿ ಇದ್ದವರದು ಯಾವುದು, ಬೇರೆ ಮಾಡಲಾಗುತ್ತಿರಲಿಲ್ಲ.

ಈಗ ಅವಳು ಹೆಡ್‌ಫೋನು ಹಾಕುವುದಿಲ್ಲ. ಸಂಜೆ ಬಾಗಿಲು ತೆರೆದಿಟ್ಟೇ ದಾಳ ಹಾಕುತ್ತಾಳೆ. ಮಾರನೆಯ ದಿನ ನಾನು ಇಸ್ತ್ರಿ ಮಾಡುವಾಗ ಬಾಗಿಲ ಹಿಂದೆ ನಿಂತು ಕದ್ದು ಕೇಳುತ್ತಾಳೆಂದು ನನಗೆ ಅನುಮಾನ. ನಾನು ಗೊತ್ತಿಲ್ಲದವಳ ಹಾಗೆ ಇರುತ್ತೇನೆ. ಗೊತ್ತಾದರೆ ನಿಂತುಹೋಗುತ್ತದಲ್ಲ.

ಮೊನ್ನೆ ಸಂಜೆ ಯಾವುದೋ ಒಂದು ಸಾಲು ಬಿತ್ತು. ನಮ್ಮನೆಯವರು ಪತ್ರಿಕೆಯಿಂದ ತಲೆ ಎತ್ತಿದರು. ಸ್ವಲ್ಪ ಹೊತ್ತು ಕೇಳಿದರು.

"ಕೋಗಿಲೆ" ಎಂದು ಕೂಗಿದರು, ನಡುವಿನ ವರ್ಷಗಳು ಇರಲೇ ಇಲ್ಲವೆಂಬ ಹಾಗೆ. "ಆ ಇಲೀನ ಇನ್ನೊಂದು ಸುತ್ತು ಓಡಿಸು."

ಒಳಗಿನಿಂದ ಪಿಸುಮಾತು ಬಂತು.

"ಇರು ಅಣ್ಣ. ಮೊದಲು ಹಿಡಿದಿಟ್ಕೋತೀನಿ."